ಮೂರು ಕೊಟೇಶನ್

ನಿವೃತ್ತಿಗೆ ಇನ್ನು ಒಂದು ವಾರವಿದ್ದಾಗ ನಮ್ಮ ವಿಭಾಗದ ಬೀರುವನ್ನು ಖಾಲಿ ಮಾಡಲು ಕುಳಿತೆ. 2022ರ ಮಳೆಗಾಲ. ನಮ್ಮದು ಮಲೆನಾಡಿನ ಒಂದು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಜುಲೈ ತಿಂಗಳಲ್ಲಿ ಅಲ್ಲಿ ಕಾಗದಗಳೆಲ್ಲ ಹಸಿ ಹಪ್ಪಳದ ಹಾಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೆಳಗಿನ ಅರೆಯಲ್ಲಿ ಟ್ಯಾಗ್ ದಾರ ಕಟ್ಟಿದ ಒಂದು ಫೈಲು ಸಿಕ್ಕಿತು. 1994ರ ಖರೀದಿಯದು. ಬಿಚ್ಚಿ ನೋಡಿದರೆ ಒಳಗೆ ಮೂರು ಕೊಟೇಶನ್‌ಗಳು. ಒಂದು ನಮ್ಮೂರಿನ ಅಂಗಡಿಯದು, ಒಂದು ಶಿವಮೊಗ್ಗದ್ದು, ಇನ್ನೊಂದು ಬೆಂಗಳೂರಿನ ಅವೆನ್ಯೂ ರಸ್ತೆಯದು. ಲೆಟರ್‌ಹೆಡ್ಡುಗಳು ಮೂರು ಬಣ್ಣದವು. ಆದರೆ ಟೈಪ್‌ರೈಟರು ಮಾತ್ರ ಒಂದೇ. ಮೂರರಲ್ಲೂ ಅದೇ ಒಂದು ಅಕ್ಷರದ ಬಾಲ ಮುರಿದಿತ್ತು. ಅವುಗಳ ಹಿಂದೆ ದರಗಳನ್ನು ಅಕ್ಕಪಕ್ಕ ಬರೆದ ಕಂಪ್ಯಾರಟಿವ್ ಸ್ಟೇಟ್‌ಮೆಂಟು. ಅದರ ಕೆಳಗೆ ನನ್ನ ಸಹಿ.

ಸರ್ಕಾರಿ ಕೆಲಸದ ಗಂಧವಿರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೂರು ಕಡೆಯಿಂದ ದರ ತರಿಸಿ, ಕಡಿಮೆ ಹೇಳಿದವರಿಂದ ಕೊಳ್ಳಬೇಕು ಎಂಬುದು ನಿಯಮ. ಆ ಮೂರನ್ನೂ ತಂದುಕೊಡುವವನು ಒಬ್ಬನೇ ಎಂಬುದು ರೂಢಿ. ನಮ್ಮಲ್ಲಿ ಹಾಗೆ ತಂದುಕೊಡುತ್ತಿದ್ದವರು ಬಸ್ ನಿಲ್ದಾಣದ ಎದುರಿಗಿದ್ದ ಅಂಗಡಿಯ ಶೆಟ್ಟರು. ಮುಂದಿನ ಭಾಗದಲ್ಲಿ ನೋಟ್‌ಬುಕ್ಕು, ಕಂಪಾಸ್ ಪೆಟ್ಟಿಗೆ; ಹಿಂದಿನ ಕತ್ತಲೆ ಕೋಣೆಯಲ್ಲಿ ಬೀಕರು, ಬ್ಯುರೆಟ್ಟು, ಗಂಧಕಾಮ್ಲದ ಬಾಟಲಿ. "ಇನ್ನೆರಡು ನಮ್ಮ ಸ್ನೇಹಿತರ ಕಡೆಯಿಂದ ತರಿಸಿದೀನಿ ಮೇಷ್ಟ್ರೇ" ಎನ್ನುತ್ತಿದ್ದರು. ಅವರ ಲೆಟರ್‌ಹೆಡ್ಡು ಆ ಸ್ನೇಹಿತರ ಊರಿನ ಕಾಲೇಜುಗಳಿಗೆ ಹೋಗುತ್ತಿತ್ತು. ಮದುವೆ ಮನೆಯ ಮುಯ್ಯಿಯ ಹಾಗೆ ಅದೊಂದು ಕೊಡುಕೊಳ್ಳುವಿಕೆ.

ಈ ಫೈಲನ್ನು ಹಿಡಿದುಕೊಂಡು ನಾನು ಬಹಳ ಹೊತ್ತು ಕುಳಿತೆ. ಅದರೊಳಗೆ ಇರುವುದು ಸುಳ್ಳು. ಅದಕ್ಕೆ ಸಹಿ ಹಾಕಿದವನು ನಾನು. ಆದರೆ ಆ ಸುಳ್ಳಿನ ಅಡಿಯಲ್ಲಿ ನಡೆದ ವ್ಯವಹಾರ ಹೇಗಿತ್ತು ಎಂಬುದೂ ನೆನಪಾಗುತ್ತದೆ. ಶೆಟ್ಟರ ದರ ಬೆಂಗಳೂರಿನ ದರಕ್ಕಿಂತ ತುಸು ಹೆಚ್ಚು, ಬಸ್ ಲಗೇಜಿನ ಖರ್ಚಿನಷ್ಟು. ಅನುದಾನ ಬರುವುದು ಮಾರ್ಚಿ ಕೊನೆಯಲ್ಲಿ. ಸಾಮಾನು ಬೇಕಾಗುವುದು ಜುಲೈಯಲ್ಲಿ. ಒಂಬತ್ತು ತಿಂಗಳು ಅವರು ಸಾಲ ನಿಲ್ಲುತ್ತಿದ್ದರು, ಬಡ್ಡಿಯ ಮಾತೆತ್ತುತ್ತಿರಲಿಲ್ಲ. ಪ್ರಾಯೋಗಿಕ ಪರೀಕ್ಷೆಯ ಹಿಂದಿನ ಸಂಜೆ ಒಂದು ಬ್ಯುರೆಟ್ಟು ಒಡೆದರೆ ನಮ್ಮ ಅಟೆಂಡರು ಸೈಕಲ್ ಹತ್ತಿ ಹೋಗಿ ಚೀಟಿಯನ್ನೂ ಬರೆಯದೆ ಇನ್ನೊಂದು ತರುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾದದ್ದು, ಅವರು ಸಾಮಾನನ್ನು ನಮಗೆ ಕೊಡುವಾಗ ಒಂದು ಮಾತು ಹೇಳುತ್ತಿದ್ದರು. "ಇದು ಅಳೆಯೋಕೆ ಮಾತ್ರ, ಕಾಯಿಸೋಕೆ ಕೊಡಬೇಡಿ." "ಈ ಆಸಿಡ್ಡು ಹಳೇದು, ನಿಮಗೆ ಬೇಡ." ಎಸ್ಸೆಸ್ಸೆಲ್ಸಿ ಮುಗಿಸದ ಆ ಮನುಷ್ಯನಿಗೆ ನನ್ನ ಪ್ರಯೋಗಾಲಯದಲ್ಲಿ ಯಾವ ವಾರ ಏನು ನಡೆಯುತ್ತದೆ ಎಂಬುದು ಗೊತ್ತಿತ್ತು.

ಆದರೂ ಅವರನ್ನು ಹೊಗಳಿ ನಾನು ಪಾರಾಗುವಂತಿಲ್ಲ. ಪ್ರತಿ ದೀಪಾವಳಿಗೆ ಒಂದು ಕಿಲೋ ಸಿಹಿ ಮನೆಗೆ ಬರುತ್ತಿತ್ತು. ಅದನ್ನು ಸೌಜನ್ಯವೆಂದು ಕರೆಯಬಹುದು. 1997ರಲ್ಲಿ ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ಶೆಟ್ಟರಿಂದ ಐದು ಸಾವಿರ ರೂಪಾಯಿ ಕೈಗಡ ಪಡೆದೆ. ನಾಲ್ಕು ತಿಂಗಳಲ್ಲಿ ಹಿಂದಿರುಗಿಸಿದೆ. ಆ ನಾಲ್ಕು ತಿಂಗಳೊಳಗೆ ಅವರ ಒಂದು ಬಿಲ್ಲು ನನ್ನ ಮುಂದೆ ಬಂತು. ಬಿಲ್ಲು ಸರಿಯಾಗಿಯೇ ಇತ್ತು, ಆಮೇಲೆ ಪರಿಶೀಲಿಸಿ ನೋಡಿದ್ದೇನೆ. ಆದರೆ ಸಹಿ ಹಾಕುವಾಗ ಪರಿಶೀಲಿಸಿರಲಿಲ್ಲ. ಇಪ್ಪತ್ತೈದು ವರ್ಷ ಕಳೆದರೂ ಆ ಸಹಿ ನನ್ನ ಕಣ್ಣಿಗೆ ಬೇರೆ ಸಹಿಗಳಿಗಿಂತ ಸಣ್ಣದಾಗಿ ಕಾಣುತ್ತದೆ.

ಮೀನು ನೀರು ಕುಡಿಯುವುದು ಹೇಗೆ ಯಾರಿಗೂ ಕಾಣುವುದಿಲ್ಲವೋ ಹಾಗೆಯೇ ರಾಜನ ಅಧಿಕಾರಿ ಹಣ ನುಂಗುವುದೂ ಎಂದು ಕೌಟಿಲ್ಯ ಅರ್ಥಶಾಸ್ತ್ರದಲ್ಲಿ ಹೇಳುತ್ತಾನೆ. ನುಂಗುವ ನಲವತ್ತು ದಾರಿಗಳನ್ನೂ ಎಣಿಸಿ ಕೊಡುತ್ತಾನೆ. ಮೀನು ತಾನು ಕುಡಿದದ್ದು ನೀರೋ ಅಲ್ಲವೋ ಎಂದು ತನಗೇ ಗೊತ್ತಿಲ್ಲದೆ ಇರಬಹುದಲ್ಲ ಎಂಬ ಪ್ರಶ್ನೆಯನ್ನು ಅವನು ಎತ್ತಲಿಲ್ಲ. ನನ್ನ ತೊಂದರೆ ಅದು.

ಹಾಗಾಗಿ ಯಂತ್ರ ಬಂದಾಗ ನನಗೆ ಸಂತೋಷವಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆ ಇರಬೇಕೆಂದು ನಮ್ಮ ರಾಜ್ಯ 1999ರಲ್ಲಿಯೇ ಕಾಯಿದೆ ಮಾಡಿತ್ತು. 2007ರಿಂದ ಟೆಂಡರುಗಳು ಒಂದೊಂದಾಗಿ ಕಂಪ್ಯೂಟರಿನ ಮೇಲೆ ಹೋದವು. ಕೇಂದ್ರ ಸರ್ಕಾರದ ಜೆಮ್ ಎಂಬ ಮಾರುಕಟ್ಟೆ 2016ರ ಆಗಸ್ಟಿನಲ್ಲಿ ತೆರೆಯಿತು. ಅದಕ್ಕೂ ಮುಂಚೆ ದೆಹಲಿಯಲ್ಲಿ ಕುಳಿತು ದೇಶಕ್ಕೆಲ್ಲ ದರ ಗೊತ್ತುಮಾಡುತ್ತಿದ್ದ ಸರಬರಾಜು ಮತ್ತು ವಿಲೇವಾರಿ ಮಹಾನಿರ್ದೇಶನಾಲಯವನ್ನು 2017ರ ಅಕ್ಟೋಬರಿನಲ್ಲಿ ಮುಚ್ಚಿಯೇಬಿಟ್ಟರು. ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳೆಲ್ಲ ಸೈನ್ಯ ರೈಲ್ವೆಗಳ ಜೊತೆಯಲ್ಲಿ ಒಂದೇ ಸಂತೆಗೆ ಬಂದ ಹಾಗಾಯಿತು. ಕುರ್ಚಿಯಿಂದ ಹಿಡಿದು ಸೂಕ್ಷ್ಮದರ್ಶಕದವರೆಗೆ ಎಲ್ಲವೂ ಆ ಸಂತೆಯಲ್ಲಿ ಸಿಗುತ್ತದೆ.

ಅದರ ಕಟ್ಟುಪಾಡು ನನಗೆ ಹಿಡಿಸಿತ್ತು. ಪ್ರಿನ್ಸಿಪಾಲರು ಮುಖ್ಯ ಬಳಕೆದಾರರು. ಅವರ ಆಧಾರಿಗೆ ಜೋಡಿಸಿದ ಮೊಬೈಲಿಗೆ ಸಂಖ್ಯೆ ಬರುತ್ತದೆ. ಕೊಳ್ಳುವವನು ಒಬ್ಬ, ಸಾಮಾನು ಪಡೆಯುವವನು ಇನ್ನೊಬ್ಬ, ಹಣ ಕೊಡುವವನು ಮತ್ತೊಬ್ಬ. ದೊಡ್ಡ ಮೊತ್ತವಾದರೆ ಬಿಡ್ ಕರೆಯಬೇಕು. ಬಿಡ್ ತೆರೆಯುವವರೆಗೆ ಯಾರು ಎಷ್ಟು ಬರೆದಿದ್ದಾರೆಂದು ಯಾರಿಗೂ ಕಾಣುವುದಿಲ್ಲ. ತೆರೆದ ಮೇಲೆ ಕಡಿಮೆ ಬರೆದವನು 'ಎಲ್ ಒನ್'. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ ಒನ್ ಎಂಬುದು ಒಬ್ಬ ವ್ಯಕ್ತಿಯ ಹೆಸರೇ ಆಗಿಹೋಯಿತು. "ಎಲ್ ಒನ್ ಇನ್ನೂ ಕಳಿಸಿಲ್ಲವಂತೆ." "ಈ ಸಲದ ಎಲ್ ಒನ್ ಎಲ್ಲಿಯವನಂತೆ?" ಶೆಟ್ಟರು ಹದಿನಾಲ್ಕು ಸಾವಿರ ಹೇಳಿದ್ದ ಎಲೆಕ್ಟ್ರಾನಿಕ್ ತಕ್ಕಡಿ ಒಂಬತ್ತು ಸಾವಿರದ ಎಂಟುನೂರಕ್ಕೆ ಬಂದು ಕೂತಿತು, ಚೆನ್ನಾಗಿಯೂ ಇತ್ತು. ಆ ದಿನ ಮನೆಗೆ ನಡೆದು ಹೋಗುವಾಗ ಶೆಟ್ಟರ ಅಂಗಡಿಯ ಮುಂದೆ ಹಾಯದೆ ಹಿಂದಿನ ರಸ್ತೆಯಿಂದ ಹೋದೆ. ಆದರೆ ಮನಸ್ಸು ಹಗುರವಾಗಿತ್ತು. ಆ ವರ್ಷದ ದೀಪಾವಳಿಗೆ ಸಿಹಿ ಬರಲಿಲ್ಲ; ಅದರಿಂದ ಇನ್ನಷ್ಟು ಹಗುರವಾಯಿತು.

ಆಗಲೇ ನನ್ನೊಳಗೆ ಒಂದು ತಕರಾರು ಶುರುವಾದದ್ದು. ಕದಿಯಲು ದಾರಿಯೇ ಇಲ್ಲದಲ್ಲಿ ಕದಿಯದೆ ಇರುವುದು ಪ್ರಾಮಾಣಿಕತೆಯೇ? ಬೀಗ ಹಾಕಿದ ಮನೆಯ ಮುಂದೆ ಕಳ್ಳನೂ ಸಾಧುವೂ ಒಂದೇ ರೀತಿ ನಿಂತಿರುತ್ತಾರೆ. ಇದನ್ನು ನನ್ನ ಸಹೋದ್ಯೋಗಿಯಾಗಿದ್ದ ಅರ್ಥಶಾಸ್ತ್ರದ ಮೇಷ್ಟ್ರ ಹತ್ತಿರ ಹೇಳಿದಾಗ ಅವರು ನಕ್ಕರು. "ಸ್ವಾಮೀ, ಸರ್ಕಾರಕ್ಕೆ ಬೇಕಾಗಿರೋದು ಬೀಕರು. ನಿಮ್ಮ ಆತ್ಮೋದ್ಧಾರ ಅಲ್ಲ." ಅವರ ಮಾತು ಸರಿ. ತೆರಿಗೆ ಕಟ್ಟುವವನಿಗೆ ಮೇಷ್ಟ್ರ ಅಂತಃಕರಣದಿಂದ ಆಗಬೇಕಾದದ್ದು ಏನೂ ಇಲ್ಲ. ಅವನ ದುಡ್ಡು ಪೋಲಾಗದಿದ್ದರೆ ಸಾಕು. ಬೀಗ ಇಲ್ಲದ ಮನೆಯೇ ಮೇಲು ಎಂದು ಹೇಳುವ ಧೈರ್ಯ, 1994ರ ಫೈಲಿಗೆ ಸಹಿ ಹಾಕಿದ ನನಗೆ ಹೇಗೆ ಬರಬೇಕು?

2019ರಲ್ಲಿ ಮೇಲಿನಿಂದ ಒಂದು ಸೂಚನೆ ಬಂತು. ಅಕ್ಕಪಕ್ಕದ ಐದು ಕಾಲೇಜುಗಳು ಪ್ರತ್ಯೇಕವಾಗಿ ಕೊಳ್ಳುವ ಬದಲು ಬೇಡಿಕೆಯನ್ನು ಒಟ್ಟುಗೂಡಿಸಿ ಒಂದೇ ಬಿಡ್ ಕರೆಯಿರಿ, ದರ ಇಳಿಯುತ್ತದೆ ಎಂದು. ಅದರಲ್ಲಿ ತಪ್ಪೇನೂ ಇರಲಿಲ್ಲ. ಒಂದೇ ಬಿಡ್ಡಿನಲ್ಲಿ ಐದು ಊರಿನ ವಿಳಾಸ ಕೊಡಬಹುದು, ಪ್ರತಿ ವಿಳಾಸಕ್ಕೆ ಇಷ್ಟಿಷ್ಟು ಎಂದು ನಮೂದಿಸಬಹುದು. ಹಿರಿಯನೆಂದು ವಿವರಣೆ ಬರೆಯುವ ಕೆಲಸ ನನಗೆ ಬಂತು. ಯಂತ್ರದ ಮುಂದೆ ಮಾತಿಗೆ ಬೆಲೆಯಿಲ್ಲ, ಬರೆದದ್ದಷ್ಟೇ ಬೆಲೆ. ಹಾಗಾಗಿ ವಿವರಣೆಯೇ ಅಲ್ಲಿ ಜೀವ.

ಕೋನಿಕಲ್ ಫ್ಲಾಸ್ಕ್, 250 ಎಂ.ಎಲ್. ಎಂದು ಬರೆದು, ಮುಂದೆ 'ಬೋರೋಸಿಲಿಕೇಟ್ 3.3' ಎಂದು ಸೇರಿಸಿದೆ. ಇದೇನೆಂದು ಓದುಗರಿಗೆ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಈ ಎರಡು ಮಾತಿನ ಮೇಲೆ ನಿಂತಿದೆ. ಕಿಟಕಿಗೆ, ಬಾಟಲಿಗೆ ಬಳಸುವ ಸಾಮಾನ್ಯ ಸೋಡಾ ಗಾಜು ಕಾಯಿಸಿದಾಗ ಹಿಗ್ಗುತ್ತದೆ. ಒಂದು ಭಾಗ ಬಿಸಿ, ಇನ್ನೊಂದು ಭಾಗ ತಣ್ಣಗೆ ಇದ್ದರೆ ಆ ಎಳೆದಾಟದಲ್ಲಿ ಬಿರಿಯುತ್ತದೆ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಯೇನಾ ಎಂಬ ಊರಿನಲ್ಲಿ ಒಟ್ಟೋ ಶಾಟ್ ಎಂಬಾತ ಗಾಜಿಗೆ ಬೋರಾನಿನ ಆಕ್ಸೈಡು ಬೆರೆಸಿ ಈ ಹಿಗ್ಗುವಿಕೆಯನ್ನು ತಗ್ಗಿಸಿದ. 3.3 ಎಂಬುದು ಅದರ ಅಳತೆ. ಒಂದು ಡಿಗ್ರಿ ಶಾಖಕ್ಕೆ ಹತ್ತು ಲಕ್ಷದಲ್ಲಿ 3.3 ಪಾಲು ಮಾತ್ರ ಹಿಗ್ಗುವ ಗಾಜು. ಸೋಡಾ ಗಾಜು ಹಿಗ್ಗುವುದು ಸುಮಾರು 9 ಪಾಲು. ನೋಡಲು ಎರಡೂ ಒಂದೇ. ಅಭ್ಯಾಸವಿದ್ದವರಿಗೆ ಸೋಡಾ ಗಾಜಿನ ಅಂಚು ತುಸು ಹಸಿರಾಗಿ ಕಾಣುತ್ತದೆ, ಅಷ್ಟೆ.

ಸಭೆಯಲ್ಲಿ ಒಬ್ಬರು ಈ ಮಾತಿಗೆ ಆಕ್ಷೇಪ ತೆಗೆದರು. "ಬೋರೋಸಿಲ್ ಅನ್ನೋದು ಒಂದು ಕಂಪನಿ. ಬ್ರ್ಯಾಂಡ್ ಹೆಸರು ಬರೆಯೋ ಹಾಗಿಲ್ಲ. ನಾಳೆ ಆಡಿಟ್‌ನವರು ಹಿಡಿದರೆ?" ಬೋರೋಸಿಲ್ ಕಂಪನಿ, ಬೋರೋಸಿಲಿಕೇಟು ಗಾಜಿನ ಜಾತಿ, ಅಕ್ಕಿಗೂ ಅಕ್ಕಿ ಅಂಗಡಿಗೂ ಇರುವಷ್ಟು ವ್ಯತ್ಯಾಸ. ಹೇಳಲು ನನಗೆ ಅರ್ಧ ನಿಮಿಷ ಸಾಕಾಗಿತ್ತು. 3.3ರ ಗುಣಕ್ಕೆ ಐಎಸ್ಒ 3585 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ, ಅದರ ಸಂಖ್ಯೆಯನ್ನು ಬರೆದರೆ ಯಾವ ಕಂಪನಿಯ ಹೆಸರೂ ಬೇಡ. ಇದೂ ಗೊತ್ತಿತ್ತು. ಆದರೆ ನಾನು ಬಾಯಿ ತೆರೆಯಲಿಲ್ಲ. ಆ ಸಭೆಯಲ್ಲಿದ್ದ ಹಿರಿಯರಿಗೆಲ್ಲ ಶೆಟ್ಟರೂ ಗೊತ್ತು, ಅವರ ಅಂಗಡಿಯಲ್ಲಿ ಬೋರೋಸಿಲ್ಲಿನ ಸಾಮಾನು ಇರುವುದೂ ಗೊತ್ತು, ನಾನು ಅವರ ಹಳೆಯ ಗಿರಾಕಿ ಎಂಬುದೂ ಗೊತ್ತು. ಹಳೆಯ ಮೇಷ್ಟ್ರಿಗೆ ಹಳೆಯ ಅಂಗಡಿಯ ಮೇಲೆ ಇನ್ನೂ ಮಮತೆ ಎಂದು ಯಾರಾದರೂ ಅಂದಾರು ಎಂಬ ಅಂಜಿಕೆ. ಪೆನ್ನಿನಿಂದ ಆ ಎರಡು ಪದವನ್ನು ಹೊಡೆದು 'ಪ್ರಯೋಗಾಲಯ ದರ್ಜೆಯ ಗಾಜು' ಎಂದು ಬರೆದೆ. ಮೂರು ಕೊಟೇಶನ್ನಿಗೆ ಸಹಿ ಹಾಕಿದ ಕೈ ಅದನ್ನೂ ಬರೆಯಿತು. ಮೊದಲನೆಯದು ಸ್ನೇಹಕ್ಕಾಗಿ, ಎರಡನೆಯದು ನಿಷ್ಕಳಂಕನೆನಿಸಿಕೊಳ್ಳುವುದಕ್ಕಾಗಿ.

ಎಲ್ ಒನ್ ಉತ್ತರದ ಒಂದು ಊರಿನವನು. ಅವನನ್ನಾಗಲಿ ಅವನ ಊರನ್ನಾಗಲಿ ದೂರುವುದಕ್ಕೆ ನನಗೆ ಕಾರಣವಿಲ್ಲ. ಹರಿಯಾಣದ ಅಂಬಾಲಾದಂಥ ಪಟ್ಟಣಗಳು ನಮ್ಮ ದೇಶದ ಶಾಲೆ ಕಾಲೇಜುಗಳ ಪ್ರಯೋಗಾಲಯಗಳನ್ನು ತಲೆಮಾರುಗಳಿಂದ ತುಂಬಿಸಿವೆ. ಕೇಳಿದವರಿಗೆ ಉತ್ತಮವಾದದ್ದನ್ನು, ಅಗ್ಗವಾದದ್ದನ್ನು ಕೇಳಿದವರಿಗೆ ಅಗ್ಗವಾದದ್ದನ್ನು ಕೊಡುವುದು ವ್ಯಾಪಾರ. ನಾವು ಅಗ್ಗವಾದದ್ದನ್ನು ಕೇಳಿದ್ದೆವು. ಪೆಟ್ಟಿಗೆಗಳು ಸೆಪ್ಟೆಂಬರಿನಲ್ಲಿ ಬಂದವು. ಪಡೆಯುವವನು ಹತ್ತು ದಿನದೊಳಗೆ ಪರೀಕ್ಷಿಸಿ ಸ್ವೀಕೃತಿ ಪತ್ರ ಕೊಡಬೇಕು. ನಮ್ಮ ಕಾಲೇಜಿಗೆ ಪಡೆಯುವವನು ನಾನೇ. ಅಟೆಂಡರು ಎಣಿಸಿದ. ಅರವತ್ತು ಫ್ಲಾಸ್ಕು, ಒಂದೂ ಒಡೆದಿಲ್ಲ. ಒಂದನ್ನು ಬರ್ನರಿನ ಮೇಲಿಟ್ಟು ನೋಡಿದ್ದರೆ ಐದು ನಿಮಿಷ ಆಗುತ್ತಿತ್ತು. ಮೌಲ್ಯಮಾಪನದ ಗಡಿಬಿಡಿ ಇತ್ತು. ಎಣಿಕೆ ಸರಿಯಿದೆ ಎಂದು ಒತ್ತಿಬಿಟ್ಟೆ. ಎಣಿಕೆಯನ್ನು ಪರೀಕ್ಷೆಯೆಂದು ತಿಳಿಯುವುದು ಕಛೇರಿಯವರ ರೋಗ ಎಂದು ಮೊದಲೆಲ್ಲ ಆಡಿಕೊಳ್ಳುತ್ತಿದ್ದವನು ನಾನು.

ಆ ಸೆಮಿಸ್ಟರಿನಲ್ಲಿ ಏನೂ ಆಗಲಿಲ್ಲ. ಆಮ್ಲ ಕ್ಷಾರಗಳ ಟೈಟ್ರೇಶನ್ನಿಗೆ ಬಿಸಿ ಬೇಕಾಗುವುದಿಲ್ಲ. ಜನವರಿಯಲ್ಲಿ ಪರ್ಮಾಂಗನೇಟು ಶುರುವಾಯಿತು. ಆಕ್ಸಾಲಿಕ್ ಆಮ್ಲಕ್ಕೆ ದುರ್ಬಲ ಗಂಧಕಾಮ್ಲ ಬೆರೆಸಿ, ಅರವತ್ತು ಎಪ್ಪತ್ತು ಡಿಗ್ರಿಗೆ ಕಾಯಿಸಿ, ಆಮೇಲೆ ಬ್ಯುರೆಟ್ಟಿನಿಂದ ನೇರಳೆ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ತಿಳಿ ಗುಲಾಬಿ ಬಣ್ಣ ನಿಂತಾಗ ಮುಗಿಯಿತು. ಮೂವತ್ತು ವರ್ಷ ಮಾಡಿಸಿದ ಪ್ರಯೋಗ. ನಾನು ಕಪ್ಪುಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದೆ. ಹಿಂದೆ ಟಣ್ ಎಂಬ ಸದ್ದು, ಆಮೇಲೆ ಒಂದು ಕೂಗು. ಮಡಿಸಿದ ಕಾಗದದಲ್ಲಿ ಫ್ಲಾಸ್ಕಿನ ಕುತ್ತಿಗೆ ಹಿಡಿದು ಜಾಲರಿಯಿಂದ ಎತ್ತುವಾಗ ಅದರ ತಳ ಕಳಚಿ ಬಿದ್ದಿತ್ತು. ಬಿಸಿ ಆಮ್ಲ ಆ ಹುಡುಗಿಯ ಎಡಗೈ ಮೇಲೆ, ಪಾದದ ಮೇಲೆ.

ಮೊದಲ ವರ್ಷದ ಬಿ.ಎಸ್ಸಿ. ಹುಡುಗಿ. ಅಡಿಕೆ ತೋಟದಲ್ಲಿ ಕೂಲಿ ಮಾಡುವವರ ಮಗಳು, ದಿನವೂ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ನಲ್ಲಿಯ ಕೆಳಗೆ ಕೈಹಿಡಿಸಿ ನಿಲ್ಲಿಸಿ, ಕಾಲಿಗೆ ಮಗ್ಗಿನಲ್ಲಿ ನೀರು ಸುರಿದು, ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಮ್ಲ ದುರ್ಬಲವಾದದ್ದು, ನೀರು ಕೂಡಲೇ ಬಿತ್ತು. ಹಾಗಾಗಿ ಬೊಬ್ಬೆ ಎದ್ದು, ಒಂದು ತಿಂಗಳಲ್ಲಿ ವಾಸಿಯಾಗಿ, ಮಣಿಕಟ್ಟಿನ ಮೇಲೆ ಒಂದು ಕಲೆ ಮಾತ್ರ ಉಳಿಯಿತು. ಆಟೋದಲ್ಲಿ ಅವಳು ಅಳುವುದನ್ನು ನಿಲ್ಲಿಸಿ ನನಗೆ ಹೇಳಿದ ಮಾತು ಇದು: "ಸಾರ್, ನಾನೇ ಜಾಸ್ತಿ ಕಾಯಿಸಿಬಿಟ್ಟೆ ಅನ್ಸುತ್ತೆ. ಬ್ರೇಕೇಜ್ ಎಷ್ಟಾಗುತ್ತೆ ಸಾರ್?"

ಒಡೆದ ಗಾಜಿನ ದುಡ್ಡು ವಿದ್ಯಾರ್ಥಿಗಳು ಕಟ್ಟಬೇಕೆಂಬುದು ಎಲ್ಲ ಪ್ರಯೋಗಾಲಯಗಳ ಹಳೆಯ ನಿಯಮ.

ಸಂಜೆ ಉಳಿದ ಫ್ಲಾಸ್ಕುಗಳ ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ. ತಿಳಿಹಸಿರು. ಮಾರಿದವನಿಗೆ ಫೋನು ಮಾಡಿಸಿದೆವು. ಅವನು ಒರಟಾಗೇನೂ ಮಾತಾಡಲಿಲ್ಲ. "ಸಾಬ್, ನಿಮ್ಮ ವಿವರಣೆಯಲ್ಲಿ ಬೋರೋಸಿಲಿಕೇಟ್ ಎಂದು ಎಲ್ಲಿದೆ?" ಎಂದ. ಎಲ್ಲಿಯೂ ಇರಲಿಲ್ಲ. ಪ್ರಿನ್ಸಿಪಾಲರು ಬಿಡ್ ಕರೆದದ್ದು ನಾನು ಬರೆದ ವಿವರಣೆಯ ಪ್ರಕಾರ. ಸಮಿತಿ ಒಪ್ಪಿದ್ದು ಆಡಿಟ್ಟಿನ ನಿಯಮದ ಪ್ರಕಾರ. ಯಂತ್ರ ಆರಿಸಿದ್ದು ಕಡಿಮೆ ದರದ ಪ್ರಕಾರ. ಹಣ ಹೋದದ್ದು ನನ್ನ ಸ್ವೀಕೃತಿಯ ಪ್ರಕಾರ. ಎಲ್ಲಿಯೂ ಒಂದು ಪೈಸೆ ತಿಂದವರಿಲ್ಲ, ಒಂದು ಸುಳ್ಳು ಕಾಗದವಿಲ್ಲ. 1994ರ ಫೈಲಿನಲ್ಲಿ ಕಾಗದವೆಲ್ಲ ಸುಳ್ಳು, ಗಾಜು ನಿಜ. 2019ರ ಫೈಲಿನಲ್ಲಿ ಕಾಗದವೆಲ್ಲ ನಿಜ. ಈ ಎರಡರಲ್ಲಿ ಯಾವುದು ಹೆಚ್ಚು ಪ್ರಾಮಾಣಿಕ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ನನಗೆ ಇನ್ನೂ ಆಗುತ್ತಿಲ್ಲ. ಮೊದಲನೆಯದನ್ನು ಸಮರ್ಥಿಸಿದರೆ ಶೆಟ್ಟರಂಥ ಒಬ್ಬರ ಹೆಸರಿನಲ್ಲಿ ನೂರು ಮಂದಿ ಖದೀಮರಿಗೆ ಬಾಗಿಲು ತೆರೆದ ಹಾಗಾಗುತ್ತದೆ. ಅಂಥವರನ್ನೂ ನೋಡಿದ್ದೇನೆ, ಖಾಲಿ ಪೆಟ್ಟಿಗೆಗೆ ಬಿಲ್ಲು ಮಾಡಿದವರಿದ್ದರು. ಎರಡನೆಯದನ್ನು ಸಮರ್ಥಿಸಿದರೆ ಆ ಹುಡುಗಿಯ ಮಣಿಕಟ್ಟನ್ನು ನೋಡುವುದು ಕಷ್ಟ.

ಒಂದು ಸಂಗತಿ ಮಾತ್ರ ಸ್ಪಷ್ಟವಾಗಿದೆ. ಮೊದಲು ತಪ್ಪಾದರೆ ಅದಕ್ಕೊಂದು ಮುಖವಿರುತ್ತಿತ್ತು. ಶೆಟ್ಟರು ಕೆಟ್ಟ ಸಾಮಾನು ಕೊಟ್ಟಿದ್ದರೆ ಬಸ್ ನಿಲ್ದಾಣದಲ್ಲಿ ಆ ಹುಡುಗಿಯನ್ನು ದಿನವೂ ನೋಡಬೇಕಾಗುತ್ತಿತ್ತು. ಅವರಿಗೆ ಕಾನೂನಿನ ಭಯ ಇರಲಿಲ್ಲ, ಊರಿನ ಭಯ ಇತ್ತು. ನಾವು ಹೊಣೆಯನ್ನು ಐದು ಪಾಲು ಮಾಡಿ ಹಂಚಿಕೊಂಡಿದ್ದೆವು, ಕಳ್ಳತನ ಆಗಬಾರದೆಂದು. ಹಂಚಿದ ಮೇಲೆ ಪ್ರತಿಯೊಬ್ಬನ ಕೈಯಲ್ಲಿ ಉಳಿದದ್ದು ಹೊತ್ತುಕೊಳ್ಳಲು ಬೇಕಾಗದಷ್ಟು ಸಣ್ಣ ಚೂರು. ಇಡೀ ಹೊಣೆಯನ್ನು ತಾನಾಗಿ ಹೊತ್ತವಳು ಅದರಲ್ಲಿ ಯಾವ ಪಾಲೂ ಇಲ್ಲದವಳು.

ಇದನ್ನೆಲ್ಲ ಹೇಳುವಾಗ ಹಂಚಿಕೊಂಡು ಕೊಳ್ಳುವುದನ್ನೇ ನಾನು ತೆಗಳುತ್ತಿದ್ದೇನೆ ಎಂದು ತಿಳಿಯಬಾರದು. 1980ರ ದಶಕದಲ್ಲಿ ಒಂದು ಲೇಖನ ಓದಬೇಕಾದರೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಟಾಟಾ ಇನ್‌ಸ್ಟಿಟ್ಯೂಟಿನ ಗ್ರಂಥಾಲಯದಲ್ಲಿ ಕುಳಿತು ಕೈಯಲ್ಲಿ ಬರೆದುಕೊಂಡು ಬರುತ್ತಿದ್ದೆ. ಲೇಖಕರಿಗೆ ಕಾರ್ಡು ಬರೆದು ಪ್ರತಿ ಬೇಡುತ್ತಿದ್ದೆ. ಮೂರು ತಿಂಗಳ ಮೇಲೆ ಯಾವುದೋ ದೇಶದ ಸ್ಟಾಂಪು ಹಚ್ಚಿದ ಲಕೋಟೆ ಬಂದರೆ ಅದು ಹಬ್ಬ. 2010ರಲ್ಲಿ ಎನ್-ಲಿಸ್ಟ್ ಎಂಬ ಯೋಜನೆ ಬಂತು. ಗುಜರಾತಿನ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಮೂಲಕ ಕಾಲೇಜುಗಳಿಗೆಲ್ಲ ಒಟ್ಟಾಗಿ ಚಂದಾ. ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ ಕಟ್ಟಿದ ನಮ್ಮ ಕಾಲೇಜಿನಲ್ಲಿ ಸಾವಿರಾರು ನಿಯತಕಾಲಿಕೆಗಳು ತೆರೆದುಕೊಂಡವು. ಮಲೆನಾಡಿನ ಮಳೆಯಲ್ಲಿ ಕರೆಂಟು ಇದ್ದ ಹೊತ್ತಿನಲ್ಲಿ ಎಂಬ ಷರತ್ತಿನೊಡನೆ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ 'ಒಂದು ರಾಷ್ಟ್ರ ಒಂದು ಚಂದಾ' ಎಂಬುದಕ್ಕೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ನಾನು ನಿವೃತ್ತನಾದ ಮೇಲೆ ಬಂದ ಊಟ ಇದು. ಆದರೂ ಎಲೆ ಹಾಕಿದ್ದನ್ನು ನೋಡಿ ಹೊಟ್ಟೆ ತುಂಬಿತು. ಒಂದೊಂದು ಕಾಲೇಜೂ ತಾನೇ ಆ ಪ್ರಕಾಶಕರ ಮುಂದೆ ಚೌಕಾಶಿಗೆ ನಿಂತಿದ್ದರೆ ಬಾಗಿಲ ಹೊಸ್ತಿಲೂ ದಾಟುತ್ತಿರಲಿಲ್ಲ. ಮೊದಲ ಹಂತದಲ್ಲಿ ಖಾಸಗಿ ಕಾಲೇಜಿನ ಮಕ್ಕಳು ಪಂಕ್ತಿಯ ಹೊರಗೆ ಉಳಿದರು ಎಂಬುದೊಂದು ಕೊರತೆ.

ಲೇಖನವನ್ನು ನೂರು ಜನ ಓದಿದರೂ ಅದು ಸವೆಯುವುದಿಲ್ಲ. ಯಾವ ಊರಿನವರು ಓದಿದರೂ ಅದೇ ಲೇಖನ. ಫ್ಲಾಸ್ಕು ಹಾಗಲ್ಲ. ಅದು ಒಬ್ಬಳ ಕೈಯಲ್ಲಿ ಇರುತ್ತದೆ, ಒಂದು ಉರಿಯ ಮೇಲೆ ಇರುತ್ತದೆ. ಕಂಪ್ಯೂಟರು, ಕುರ್ಚಿ, ಬಲ್ಬುಗಳ ವಿಷಯದಲ್ಲಿ ಈ ತಾರತಮ್ಯ ಅಷ್ಟಾಗಿ ಬಾಧಿಸುವುದಿಲ್ಲ. ಐದು ಕಾಲೇಜುಗಳ ಬೇಡಿಕೆಯನ್ನು ಕೂಡಿಸುವಾಗ ಕೂಡಿದ್ದು ಸಂಖ್ಯೆ ಮಾತ್ರ. ನಾಲ್ಕು ಕಾಲೇಜುಗಳ ಮೇಷ್ಟ್ರುಗಳಿಗೆ ಗೊತ್ತಿದ್ದದ್ದು ಎಲ್ಲಿ ಕೂಡಿತು? ನಾನು ಬರೆದಿದ್ದೇನೆಂದು ಅವರು ಓದಲಿಲ್ಲ. ಅವರು ಓದುತ್ತಾರೆಂದು ನಾನು ಬರೆಯಲಿಲ್ಲ. ಒಬ್ಬನೇ ಕೊಳ್ಳುತ್ತಿದ್ದರೆ ನನ್ನ ತಪ್ಪು ಅರವತ್ತು ಫ್ಲಾಸ್ಕಿಗೆ ನಿಲ್ಲುತ್ತಿತ್ತು. ಈಗ ನಾನೂರಕ್ಕೆ ಹಬ್ಬಿತ್ತು.

ಆ ನಾಲ್ಕು ಕಾಲೇಜುಗಳಿಗೂ ಮರುದಿನವೇ ಫೋನು ಮಾಡಿ ಕಾಯಿಸಬೇಡಿ ಎಂದೆ. ಮೂರು ಕಡೆ ಗಾಬರಿಯಾದರು. ನಾಲ್ಕನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತು ಸಾರ್" ಎಂದರು. "ನವೆಂಬರಿನಲ್ಲೇ ನಮ್ಮಲ್ಲಿ ಎರಡು ಒಡೀತು. ಯಾರಿಗೂ ಏನೂ ಆಗ್ಲಿಲ್ಲ. ಆದರೆ ಸ್ವೀಕೃತಿ ಕೊಟ್ಟಾಗಿತ್ತಲ್ಲ, ಏನಂತ ಬರೆಯೋದು ಅಂತ ಪಕ್ಕಕ್ಕಿಟ್ಟೆ." ಅವರ ಮೇಲೆ ರೇಗಬೇಕೆನಿಸಿತು. ಯಾವ ಬಾಯಿಂದ ರೇಗುವುದು?

ನಾನು ಒಂದು ಕಾಗದ ಬರೆದೆ. ವಿವರಣೆಯಿಂದ ಬೋರೋಸಿಲಿಕೇಟ್ ಎಂಬುದನ್ನು ತಿಳಿದೂ ತಿಳಿದೂ ತೆಗೆದವನು ನಾನು, ಪರೀಕ್ಷಿಸದೆ ಸ್ವೀಕರಿಸಿದವನೂ ನಾನು, ವಿದ್ಯಾರ್ಥಿನಿಯ ಚಿಕಿತ್ಸೆಯ ವೆಚ್ಚವನ್ನು ನಾನೇ ಭರಿಸುತ್ತೇನೆ ಎಂದು. ಪ್ರಿನ್ಸಿಪಾಲರು ಒಳ್ಳೆಯವರು. ಎರಡು ಸಲ ಓದಿ, ಮೇಜಿನ ಮೇಲೆ ಮಗುಚಿಟ್ಟರು. "ಚಿಕಿತ್ಸೆಯ ದುಡ್ಡು ಬೇಕಾದರೆ ನಾವೆಲ್ಲ ಸೇರಿ ಹಾಕೋಣ. ಇದನ್ನು ಮಾತ್ರ ಇನ್‌ವರ್ಡ್ ಮಾಡಿಸಬೇಡಿ. ನೀವು ಬರೆದರೆ ಐದು ಕಾಲೇಜಿನವರೂ ಉತ್ತರ ಕೊಡಬೇಕಾಗುತ್ತೆ. ನಿಮಗೆ ಎರಡು ವರ್ಷ ಉಳಿದಿದೆ. ಪಿಂಚಣಿ ನೋಡಿಕೊಳ್ಳಿ." ನಾನು ಕಾಗದ ವಾಪಸು ತೆಗೆದುಕೊಂಡೆ. ದುಡ್ಡು ಹಾಕಿದೆವು. ಅವಳಿಗೆ, ತಪ್ಪು ನಿನ್ನದಲ್ಲ, ಗಾಜಿನದು ಎಂದು ಹೇಳಿದೆ. ಅದೂ ಅರ್ಧ ಸುಳ್ಳೇ. ಮಾರ್ಚಿಯಲ್ಲಿ ಕೊರೋನಾ ಬಂದು ಕಾಲೇಜು ಮುಚ್ಚಿತು, ಪ್ರಯೋಗಾಲಯವೂ ಮುಚ್ಚಿತು, ಎಲ್ಲರೂ ಎಲ್ಲವನ್ನೂ ಮರೆತರು. ಆ ಕಾಗದವನ್ನು ನಾನು ಹರಿದಿರಲಿಲ್ಲ. ಬೀರು ಖಾಲಿ ಮಾಡಿದ ದಿನ ಮೇಲಿನ ಅರೆಯಲ್ಲಿ ಅದೂ ಸಿಕ್ಕಿತು. ಎರಡನ್ನೂ ಒಂದೇ ದಾರದಲ್ಲಿ ಕಟ್ಟಿ ಮನೆಗೆ ತಂದಿದ್ದೇನೆ.

ಅವಳು ಬಿ.ಎಸ್ಸಿ. ಮುಗಿಸಿ, ಬಿ.ಇಡಿ. ಮಾಡಿ, ಈಗ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಬಸ್ಸಿನಲ್ಲಿ ಸಿಕ್ಕಿದ್ದಳು. ಶಾಲೆಗೆ ಲ್ಯಾಬ್ ಸಾಮಾನು ತರಿಸಬೇಕು, ವಿವರಣೆ ಹೇಗೆ ಬರೆಯಬೇಕು ಸಾರ್ ಎಂದು ಕೇಳಿದಳು. ಟಿಕೆಟಿನ ಹಿಂದೆ ಐಎಸ್ಒ 3585 ಎಂದು ಬರೆದುಕೊಟ್ಟೆ. ಬೇರೆ ಏನೋ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ನಿಲ್ದಾಣ ಬಂತು.

ಶೆಟ್ಟರಿಗೆ ಈಗ ಎಂಬತ್ತು ದಾಟಿದೆ. ಅಂಗಡಿಯ ಮುಂದಿನ ಭಾಗದಲ್ಲಿ ಮೊಬೈಲಿನ ಕವರುಗಳು ತೂಗುತ್ತವೆ. ಹಿಂದಿನ ಕೋಣೆ ಮಾತ್ರ ಹಾಗೆಯೇ ಇದೆ. ಅವರ ಮಗ ಜೆಮ್‌ನಲ್ಲಿ ಮಾರಾಟಗಾರನಾಗಿ ನೋಂದಾಯಿಸಿಕೊಂಡಿದ್ದಾನೆ. ಅವನು ಯಾವ್ಯಾವುದೋ ರಾಜ್ಯದ ಕಾಲೇಜುಗಳಿಗೆ ಸಾಮಾನು ಕಳಿಸುತ್ತಾನೆ. ಕೆಲವು ಊರುಗಳಿಗೆ ಅವನೇ ಎಲ್ ಒನ್. ಮೊನ್ನೆ ಹೋದಾಗ ಶೆಟ್ಟರು ನೆಲದ ಮೇಲೆ ಕುಳಿತು ಬೀಕರುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದರು. ಪ್ರತಿ ಪೆಟ್ಟಿಗೆಯ ಮೇಲುಗಡೆ ಒಂದು ಚೀಟಿ ಇಡುತ್ತಿದ್ದರು. ಕಣ್ಣು ಮಂಜಾದ ಕೈಬರಹದಲ್ಲಿ, ದೊಡ್ಡ ಅಕ್ಷರದಲ್ಲಿ, 'ಇದನ್ನು ಕಾಯಿಸಬೇಡಿ' ಎಂದು.

"ಅಪ್ಪಯ್ಯಾ, ಇದು ಬಿಹಾರಕ್ಕೆ ಹೋಗೋದು. ಅಲ್ಲಿ ಯಾರಿಗೆ ಕನ್ನಡ ಬರುತ್ತೆ?" ಎಂದ ಮಗ.

ಶೆಟ್ಟರು ತಲೆ ಎತ್ತಲಿಲ್ಲ. "ಹಾಗಾದ್ರೆ ನೀನು ಅವರ ಭಾಷೇಲಿ ಬರಿ" ಎಂದರು.